ಕುಬರ್ನೆಟಿಸ್ ಮೆಟಾಡೇಟಾ ನಿರ್ವಹಣೆ

ಕುಬರ್ನೆಟಿಸ್ ಮೆಟಾಡೇಟಾ ನಿರ್ವಹಣೆ ಎಂದರೆ ಕುಬರ್ನೆಟಿಸ್ ಎಂಬ ಮುಕ್ತ ತಂತ್ರಾಂಶದ ಅಡಿಯಲ್ಲಿ ನಡೆಯುವ ಕ್ಲೌಡ್ ಅಪ್ಲಿಕೇಶನ್‌ಗಳ ಹೆಸರು, ಗುರುತು, ಲೇಬಲ್, ಟಿಪ್ಪಣಿ, ಒಡೆತನ ಮೊದಲಾದ ವಿವರಗಳನ್ನು ಓದುವ, ಸೇರಿಸುವ, ತಿದ್ದುವ ಮತ್ತು ತೆಗೆಯುವ ಕಾರ್ಯವಾಗಿದೆ. ಮೆಟಾಡೇಟಾ ಎಂಬುದಕ್ಕೆ ‘ದತ್ತಾಂಶದ ಕುರಿತಾದ ದತ್ತಾಂಶ’ ಎಂದು ಅರ್ಥ. ಅಪ್ಲಿಕೇಶನ್ ಏನು ಮಾಡುತ್ತದೆ ಎಂಬುದು ಅದರ ದತ್ತಾಂಶವಾದರೆ, ಅದು ಯಾವುದು, ಯಾರಿಗೆ ಸೇರಿದ್ದು, ಯಾವ ಆವೃತ್ತಿಯದು, ಯಾವಾಗ ಸೃಷ್ಟಿಯಾಯಿತು ಎಂಬುದು ಅದರ ಮೆಟಾಡೇಟಾ. ಕ್ಯೂಬ್‌ಸಿಟಿಎಲ್ ಎಂಬ ಆಜ್ಞಾಸಾಲಿನ ಸಾಧನದ ಮೂಲಕ ಈ ಕೆಲಸವನ್ನು ಕೈಯಾರೆ ಮಾಡಬಹುದು. ನೂರಾರು ಅಪ್ಲಿಕೇಶನ್‌ಗಳಿರುವೆಡೆ ಗೋ, ಪೈಥಾನ್, ಜಾವಾ ಮೊದಲಾದ ಪ್ರೋಗ್ರಾಮಿಂಗ್ ಭಾಷೆಗಳ ಕ್ಲೈಂಟ್ ಲೈಬ್ರರಿಗಳನ್ನು ಬಳಸಿ ಬರೆದ ಪ್ರೋಗ್ರಾಮ್‌ಗಳು ಇದನ್ನು ನಿರ್ವಹಿಸುತ್ತವೆ.

ಕುಬರ್ನೆಟಿಸ್‌ನಲ್ಲಿ ಮೆಟಾಡೇಟಾ ಕೇವಲ ವಿವರಣೆಯಾಗಿ ಉಳಿಯುವುದಿಲ್ಲ. ಯಾವ ಕಂಟೇನರ್‌ಗೆ ಬಳಕೆದಾರರ ಕೋರಿಕೆಗಳು ತಲುಪಬೇಕು, ಯಾವ ಜಾಲ ನಿಯಮ ಯಾವುದಕ್ಕೆ ಅನ್ವಯವಾಗಬೇಕು, ಯಾವುದನ್ನು ಅಳಿಸಬೇಕು ಎಂಬ ನಿರ್ಧಾರಗಳು ಮೆಟಾಡೇಟಾವನ್ನೇ ಅವಲಂಬಿಸಿವೆ. ಆದ್ದರಿಂದ ಒಂದು ಲೇಬಲ್ ತಪ್ಪಿದರೂ ಚಾಲನೆಯಲ್ಲಿರುವ ಸೇವೆ ನಿಂತುಹೋಗಬಹುದು.

ಹಿನ್ನೆಲೆ

ಕುಬರ್ನೆಟಿಸ್ ಅನ್ನು ಗೂಗಲ್ ಸಂಸ್ಥೆಯು 2014ರ ಜೂನ್‌ನಲ್ಲಿ ಪ್ರಕಟಿಸಿತು. ಇದರ 1.0 ಆವೃತ್ತಿಯು 2015ರ ಜುಲೈನಲ್ಲಿ ಬಿಡುಗಡೆಯಾಯಿತು. ಲಿನಕ್ಸ್ ಫೌಂಡೇಶನ್‌ನ ಆಶ್ರಯದಲ್ಲಿರುವ ಕ್ಲೌಡ್ ನೇಟಿವ್ ಕಂಪ್ಯೂಟಿಂಗ್ ಫೌಂಡೇಶನ್ ಈ ಯೋಜನೆಯನ್ನು ನೋಡಿಕೊಳ್ಳುತ್ತದೆ. ‘ಕುಬರ್ನೆಟಿಸ್’ ಎಂಬುದು ಹಡಗಿನ ಚುಕ್ಕಾಣಿಗಾರ ಎಂಬ ಅರ್ಥದ ಗ್ರೀಕ್ ಪದದಿಂದ ಬಂದಿದೆ.

ಇದಕ್ಕೂ ಮೊದಲು ಗೂಗಲ್ ತನ್ನ ಆಂತರಿಕ ಬಳಕೆಗೆ ಬೋರ್ಗ್ ಎಂಬ ವ್ಯವಸ್ಥೆಯನ್ನು ರೂಪಿಸಿಕೊಂಡಿತ್ತು. ಬೋರ್ಗ್‌ನಲ್ಲಿ ಕೆಲಸದ ಘಟಕಗಳನ್ನು ಒಟ್ಟುಗೂಡಿಸಲು ‘ಜಾಬ್’ ಎಂಬ ಒಂದೇ ಮಾರ್ಗವಿತ್ತು. ಹಲವು ಜಾಬ್‌ಗಳಿಂದ ಕೂಡಿದ ಸೇವೆಯನ್ನು ಒಂದಾಗಿ ಗುರುತಿಸಲು, ಅಥವಾ ಒಂದೇ ಸೇವೆಯ ಬೇರೆಬೇರೆ ಭಾಗಗಳನ್ನು ಸೂಚಿಸಲು ಸೌಕರ್ಯವಿರಲಿಲ್ಲ. ಬಳಕೆದಾರರು ಈ ವಿವರಗಳನ್ನೆಲ್ಲ ಜಾಬ್‌ನ ಹೆಸರಿನಲ್ಲೇ ತುರುಕಿ, ಬಳಿಕ ಆ ಹೆಸರನ್ನು ಬಿಡಿಸಿ ಓದುವ ಸಾಧನಗಳನ್ನು ಬರೆದುಕೊಳ್ಳುತ್ತಿದ್ದರು. ಬೋರ್ಗ್ ಕುರಿತು 2015ರಲ್ಲಿ ಪ್ರಕಟವಾದ ಸಂಶೋಧನಾ ಪ್ರಬಂಧವು ಇದನ್ನು ಆ ವ್ಯವಸ್ಥೆಯ ಕೊರತೆಗಳಲ್ಲಿ ಒಂದೆಂದು ಗುರುತಿಸಿದೆ. ಕುಬರ್ನೆಟಿಸ್ ಈ ಅನುಭವದಿಂದ ಪಾಠ ಕಲಿತು, ಹೆಸರನ್ನು ಗುರುತಿಗೆ ಮಾತ್ರ ಮೀಸಲಿಟ್ಟು, ವರ್ಗೀಕರಣಕ್ಕಾಗಿ ಲೇಬಲ್ ಎಂಬ ಪ್ರತ್ಯೇಕ ಅಂಗವನ್ನು ಒದಗಿಸಿತು.

ಮೆಟಾಡೇಟಾದ ಅಂಗಗಳು

ಕುಬರ್ನೆಟಿಸ್‌ನಲ್ಲಿ ಪ್ರತಿಯೊಂದು ಘಟಕವನ್ನೂ ಆಬ್ಜೆಕ್ಟ್ ಎಂದು ಕರೆಯಲಾಗುತ್ತದೆ. ಒಂದು ಅಥವಾ ಹೆಚ್ಚು ಕಂಟೇನರ್‌ಗಳನ್ನು ಒಳಗೊಂಡ ಪಾಡ್, ಪಾಡ್‌ಗಳ ಪ್ರತಿಗಳನ್ನು ಕಾಯ್ದುಕೊಳ್ಳುವ ಡಿಪ್ಲಾಯ್‌ಮೆಂಟ್, ಕೋರಿಕೆಗಳನ್ನು ಪಾಡ್‌ಗಳಿಗೆ ಹಂಚುವ ಸರ್ವಿಸ್ ಇವೆಲ್ಲ ಆಬ್ಜೆಕ್ಟ್‌ಗಳೇ. ಸಾಮಾನ್ಯ ಆಬ್ಜೆಕ್ಟ್ ಒಂದರಲ್ಲಿ ಬೇಕಾದ ಸ್ಥಿತಿಯನ್ನು ಹೇಳುವ ‘ಸ್ಪೆಕ್’, ಇರುವ ಸ್ಥಿತಿಯನ್ನು ಹೇಳುವ ‘ಸ್ಟೇಟಸ್’ ಹಾಗೂ ‘ಮೆಟಾಡೇಟಾ’ ಎಂಬ ಭಾಗಗಳಿರುತ್ತವೆ. ಮೆಟಾಡೇಟಾದ ಮುಖ್ಯ ಅಂಗಗಳು ಇವು:

- ಹೆಸರು: ಒಂದು ನೇಮ್‌ಸ್ಪೇಸ್‌ನೊಳಗೆ, ಒಂದೇ ಬಗೆಯ ಆಬ್ಜೆಕ್ಟ್‌ಗಳ ನಡುವೆ ಅನನ್ಯವಾಗಿರಬೇಕು. ಸೃಷ್ಟಿಯಾದ ಬಳಿಕ ಇದನ್ನು ಬದಲಿಸಲಾಗದು.
- ನೇಮ್‌ಸ್ಪೇಸ್: ಆಬ್ಜೆಕ್ಟ್‌ಗಳನ್ನು ತಂಡ ಅಥವಾ ಯೋಜನೆಯ ಪ್ರಕಾರ ಪ್ರತ್ಯೇಕಿಸುವ ವಿಭಾಗ.
- ಯುಐಡಿ: ವ್ಯವಸ್ಥೆಯೇ ನೀಡುವ ಅನನ್ಯ ಗುರುತು. ಒಂದು ಆಬ್ಜೆಕ್ಟ್ ಅನ್ನು ಅಳಿಸಿ ಅದೇ ಹೆಸರಿನಲ್ಲಿ ಮತ್ತೊಂದನ್ನು ಸೃಷ್ಟಿಸಿದರೆ ಹೊಸ ಯುಐಡಿ ದೊರೆಯುತ್ತದೆ.
- ಸಂಪನ್ಮೂಲ ಆವೃತ್ತಿ: ಆಬ್ಜೆಕ್ಟ್‌ನ ಯಾವುದೇ ಭಾಗ ಬದಲಾದಾಗಲೂ ಬದಲಾಗುವ ಸೂಚಕ.
- ಜನರೇಶನ್: ಬೇಕಾದ ಸ್ಥಿತಿ, ಅಂದರೆ ಸ್ಪೆಕ್, ಬದಲಾದಾಗ ಏರುವ ಸಂಖ್ಯೆ.
- ಲೇಬಲ್‌ಗಳು ಮತ್ತು ಟಿಪ್ಪಣಿಗಳು: ಬಳಕೆದಾರರು ಮತ್ತು ಸಾಧನಗಳು ಸೇರಿಸುವ ಕೀಲಿ–ಮೌಲ್ಯ ಜೋಡಿಗಳು.
- ಒಡೆಯರ ಉಲ್ಲೇಖ: ಈ ಆಬ್ಜೆಕ್ಟ್ ಯಾವ ಆಬ್ಜೆಕ್ಟ್‌ಗೆ ಅಧೀನವಾಗಿದೆ ಎಂಬುದರ ಸೂಚನೆ.
- ಫೈನಲೈಸರ್‌ಗಳು: ಅಳಿಸುವ ಮುನ್ನ ಮುಗಿಯಬೇಕಾದ ಕೆಲಸಗಳ ಪಟ್ಟಿ.
- ನಿರ್ವಹಿತ ಕ್ಷೇತ್ರಗಳು: ಆಬ್ಜೆಕ್ಟ್‌ನ ಯಾವ ಕ್ಷೇತ್ರವನ್ನು ಯಾವ ಸಾಧನ ನಿರ್ವಹಿಸುತ್ತಿದೆ ಎಂಬ ದಾಖಲೆ.

ಇವುಗಳಲ್ಲಿ ಯುಐಡಿ, ಸೃಷ್ಟಿಯ ಸಮಯ, ಸಂಪನ್ಮೂಲ ಆವೃತ್ತಿ ಮೊದಲಾದವನ್ನು ವ್ಯವಸ್ಥೆಯೇ ತುಂಬುತ್ತದೆ. ಲೇಬಲ್, ಟಿಪ್ಪಣಿ, ಒಡೆಯರ ಉಲ್ಲೇಖ ಮತ್ತು ಫೈನಲೈಸರ್‌ಗಳನ್ನು ಪ್ರೋಗ್ರಾಮ್‌ಗಳು ಬದಲಿಸಬಹುದು.

ಲೇಬಲ್‌ಗಳು

ಲೇಬಲ್ ಎಂಬುದು ಆಬ್ಜೆಕ್ಟ್ ಅನ್ನು ವರ್ಗೀಕರಿಸಲು ಮತ್ತು ಆರಿಸಿಕೊಳ್ಳಲು ಬಳಸುವ ಚಿಕ್ಕ ಜೋಡಿ. ಉದಾಹರಣೆಗೆ, ಒಂದು ಗ್ರಂಥಾಲಯದ ಪುಸ್ತಕಪಟ್ಟಿಯ ಸೇವೆಯಲ್ಲಿ ಹುಡುಕಾಟದ ಭಾಗ, ಸದಸ್ಯರ ನೋಂದಣಿಯ ಭಾಗ ಮತ್ತು ದತ್ತಸಂಚಯ ಎಂಬ ಮೂರು ಅಂಗಗಳಿವೆ ಎಂದುಕೊಳ್ಳಬಹುದು. ಮೂರಕ್ಕೂ ಒಂದೇ ‘ಸೇವೆಯ ಹೆಸರು’ ಲೇಬಲ್ ನೀಡಿ, ಪ್ರತಿಯೊಂದಕ್ಕೂ ಬೇರೆ ‘ಅಂಗ’ ಲೇಬಲ್ ನೀಡಿದರೆ, ಇಡೀ ಸೇವೆಯನ್ನಾಗಲಿ ಅದರ ಒಂದು ಅಂಗವನ್ನಾಗಲಿ ಒಂದೇ ಪ್ರಶ್ನೆಯಿಂದ ಪಡೆಯಲು ಸಾಧ್ಯವಾಗುತ್ತದೆ.

ಲೇಬಲ್‌ನ ಕೀಲಿಯಲ್ಲಿ ಐಚ್ಛಿಕ ಪೂರ್ವಪದ ಮತ್ತು ಹೆಸರು ಎಂಬ ಎರಡು ಭಾಗಗಳಿರುತ್ತವೆ. ಇವುಗಳ ನಡುವೆ ಓರೆಗೆರೆ ಬರುತ್ತದೆ. ಪೂರ್ವಪದವು ಅಂತರಜಾಲದ ಡೊಮೇನ್ ಹೆಸರಿನ ರೂಪದಲ್ಲಿದ್ದು 253 ಅಕ್ಷರಗಳನ್ನು ಮೀರಬಾರದು. ಹೆಸರಿನ ಭಾಗ ಮತ್ತು ಲೇಬಲ್‌ನ ಮೌಲ್ಯ ತಲಾ 63 ಅಕ್ಷರಗಳ ಮಿತಿಗೆ ಒಳಪಟ್ಟಿವೆ. ಮೌಲ್ಯವು ಖಾಲಿಯಾಗಿರಬಹುದು. ‘ಕುಬರ್ನೆಟಿಸ್.ಐಒ’ ಮತ್ತು ‘ಕೆ8ಎಸ್.ಐಒ’ ಎಂಬ ಪೂರ್ವಪದಗಳನ್ನು ಕುಬರ್ನೆಟಿಸ್‌ನ ಮೂಲ ಅಂಗಗಳಿಗೆ ಕಾಯ್ದಿರಿಸಲಾಗಿದೆ. ಅಪ್ಲಿಕೇಶನ್‌ಗಳ ವಿವರಣೆಗಾಗಿ ‘ಆ್ಯಪ್.ಕುಬರ್ನೆಟಿಸ್.ಐಒ’ ಎಂಬ ಪೂರ್ವಪದದೊಡನೆ ಹೆಸರು, ನಿದರ್ಶನ, ಆವೃತ್ತಿ, ಅಂಗ, ಯಾವುದರ ಭಾಗ ಮತ್ತು ನಿರ್ವಹಿಸುವ ಸಾಧನ ಎಂಬ ಆರು ಲೇಬಲ್‌ಗಳನ್ನು ಅಧಿಕೃತ ದಸ್ತಾವೇಜು ಶಿಫಾರಸು ಮಾಡುತ್ತದೆ. ಎಲ್ಲರೂ ಇವನ್ನೇ ಬಳಸಿದಾಗ ಬೇರೆಬೇರೆ ಸಾಧನಗಳು ಒಂದು ಅಪ್ಲಿಕೇಶನ್ ಅನ್ನು ಒಂದೇ ರೀತಿಯಲ್ಲಿ ಗುರುತಿಸುತ್ತವೆ.

ಲೇಬಲ್‌ಗಳ ಆಧಾರದ ಮೇಲೆ ಆರಿಸುವ ನಿಯಮವನ್ನು ಸೆಲೆಕ್ಟರ್ ಎನ್ನಲಾಗುತ್ತದೆ. ಸಮಾನತೆಯ ಸೆಲೆಕ್ಟರ್‌ನಲ್ಲಿ ಮೌಲ್ಯವು ಇಂಥದ್ದೇ ಆಗಿರಬೇಕು ಅಥವಾ ಆಗಿರಬಾರದು ಎಂದು ಹೇಳಲಾಗುತ್ತದೆ. ಗಣದ ಸೆಲೆಕ್ಟರ್‌ನಲ್ಲಿ ಮೌಲ್ಯವು ಒಂದು ಪಟ್ಟಿಯೊಳಗಿರಬೇಕು, ಹೊರಗಿರಬೇಕು ಅಥವಾ ಕೀಲಿ ಇದ್ದರೆ ಸಾಕು ಎಂದು ಹೇಳಬಹುದು.

ಸೆಲೆಕ್ಟರ್‌ಗಳಿಂದಾಗಿಯೇ ಲೇಬಲ್ ಬದಲಾವಣೆಗೆ ನೇರ ಪರಿಣಾಮವಿದೆ. ಚಾಲನೆಯಲ್ಲಿರುವ ಪಾಡ್‌ನ ಲೇಬಲ್ ಸರ್ವಿಸ್‌ನ ಸೆಲೆಕ್ಟರ್‌ಗೆ ಹೊಂದದಂತೆ ಬದಲಾದರೆ, ಆ ಪಾಡ್‌ಗೆ ಆ ಸರ್ವಿಸ್‌ನ ಮೂಲಕ ಕೋರಿಕೆಗಳು ಬರುವುದು ನಿಲ್ಲುತ್ತದೆ. ಪಾಡ್ ಅನ್ನು ಕಾಯುತ್ತಿದ್ದ ರೆಪ್ಲಿಕಾಸೆಟ್‌ನ ಸೆಲೆಕ್ಟರ್‌ಗೂ ಹೊಂದದಿದ್ದರೆ, ಅದು ಆ ಪಾಡ್ ಅನ್ನು ಕೈಬಿಟ್ಟು ಅದರ ಜಾಗದಲ್ಲಿ ಹೊಸದನ್ನು ಸೃಷ್ಟಿಸುತ್ತದೆ. ದೋಷವಿರುವ ಪಾಡ್ ಅನ್ನು ಪರಿಶೀಲನೆಗಾಗಿ ಬದಿಗಿಡಲು ತಜ್ಞರು ಇದನ್ನು ಬೇಕೆಂದೇ ಮಾಡುವುದುಂಟು. ಅಜಾಗರೂಕತೆಯಿಂದ ಎಲ್ಲ ಪಾಡ್‌ಗಳ ಮೇಲೂ ಇದೇ ಬದಲಾವಣೆಯಾದರೆ, ಯಾವ ಕಂಟೇನರ್‌ನಲ್ಲೂ ದೋಷವಿಲ್ಲದೆಯೇ ಸೇವೆ ಅಲಭ್ಯವಾಗಬಹುದು.

ಟಿಪ್ಪಣಿಗಳು

ಟಿಪ್ಪಣಿಗಳನ್ನು ಕುಬರ್ನೆಟಿಸ್‌ನ ಪರಿಭಾಷೆಯಲ್ಲಿ ಅನೋಟೇಷನ್ ಎಂದು ಕರೆಯುತ್ತಾರೆ. ಇವು ಆಯ್ಕೆಗೆ ಬಳಕೆಯಾಗುವುದಿಲ್ಲ. ಮೂಲಸಂಕೇತದ ಭಂಡಾರದ ವಿಳಾಸ, ನಿರ್ಮಾಣದ ಸಂಖ್ಯೆ, ಹೊಣೆ ಹೊತ್ತ ತಂಡದ ವಿವರ, ಸಾಧನಗಳಿಗೆ ಬೇಕಾದ ಸೂಚನೆಗಳು ಮೊದಲಾದವನ್ನು ಇವುಗಳಲ್ಲಿ ಇಡಲಾಗುತ್ತದೆ. ಕೀಲಿಯ ನಿಯಮಗಳು ಲೇಬಲ್‌ನಂತೆಯೇ ಇವೆ. ಮೌಲ್ಯಕ್ಕೆ ಅಕ್ಷರಗಳ ನಿರ್ಬಂಧವಿಲ್ಲ. ಆದರೆ ಒಂದು ಆಬ್ಜೆಕ್ಟ್‌ನ ಎಲ್ಲ ಟಿಪ್ಪಣಿಗಳ ಒಟ್ಟು ಗಾತ್ರ 2,62,144 ಬೈಟ್‌ಗಳನ್ನು, ಅಂದರೆ 256 ಕಿಬಿಬೈಟ್‌ಗಳನ್ನು ಮೀರಬಾರದು.

ಕೆಲವು ಟಿಪ್ಪಣಿಗಳು ಕ್ರಿಯೆಗೂ ಕಾರಣವಾಗುತ್ತವೆ. ಡಿಪ್ಲಾಯ್‌ಮೆಂಟ್‌ನ ಸ್ವಂತ ಮೆಟಾಡೇಟಾದಲ್ಲಿ ಟಿಪ್ಪಣಿ ಸೇರಿಸಿದರೆ ಪಾಡ್‌ಗಳು ಬದಲಾಗುವುದಿಲ್ಲ. ಅದರೊಳಗಿನ ಪಾಡ್ ಮಾದರಿಯ ಮೆಟಾಡೇಟಾದಲ್ಲಿ ಸೇರಿಸಿದರೆ, ಮಾದರಿ ಬದಲಾಯಿತೆಂದು ಪರಿಗಣಿಸಿ ಎಲ್ಲ ಪಾಡ್‌ಗಳನ್ನೂ ಹಂತಹಂತವಾಗಿ ಹೊಸದಾಗಿ ಸೃಷ್ಟಿಸಲಾಗುತ್ತದೆ. ಕ್ಯೂಬ್‌ಸಿಟಿಎಲ್‌ನ ಮರುಚಾಲನೆಯ ಆಜ್ಞೆಯು ಇದೇ ಉಪಾಯವನ್ನು ಬಳಸಿ, ಪಾಡ್ ಮಾದರಿಯಲ್ಲಿ ಮರುಚಾಲನೆಯ ಸಮಯವನ್ನು ಟಿಪ್ಪಣಿಯಾಗಿ ಬರೆಯುತ್ತದೆ.

ಕನ್ನಡ ಲಿಪಿಯ ಬಳಕೆ

ಲೇಬಲ್‌ಗಳ ಹೆಸರು ಮತ್ತು ಮೌಲ್ಯಗಳಲ್ಲಿ ಲ್ಯಾಟಿನ್ ಅಕ್ಷರಗಳು, 0ಯಿಂದ 9ರವರೆಗಿನ ಅಂಕಿಗಳು, ಅಡ್ಡಗೆರೆ, ಅಡಿಗೆರೆ ಮತ್ತು ಚುಕ್ಕಿಗೆ ಮಾತ್ರ ಅವಕಾಶವಿದೆ. ಆದಿಯಲ್ಲೂ ಅಂತ್ಯದಲ್ಲೂ ಅಕ್ಷರ ಅಥವಾ ಅಂಕಿಯೇ ಇರಬೇಕು. ಹೀಗಾಗಿ ಕನ್ನಡದ ಪದವನ್ನು ಲೇಬಲ್ ಆಗಿ ಬಳಸಿದರೆ ಸರ್ವರ್ ಆ ಕೋರಿಕೆಯನ್ನು ತಿರಸ್ಕರಿಸುತ್ತದೆ. ಟಿಪ್ಪಣಿಯ ಮೌಲ್ಯದಲ್ಲಿ ಈ ನಿರ್ಬಂಧವಿಲ್ಲದ ಕಾರಣ ಕನ್ನಡದಲ್ಲಿ ವಿವರಣೆ ಬರೆಯಬಹುದು. ಯುಟಿಎಫ್-8 ಸಂಕೇತನದಲ್ಲಿ ಕನ್ನಡದ ಪ್ರತಿಯೊಂದು ಯೂನಿಕೋಡ್ ಸಂಕೇತಬಿಂದುವಿಗೂ ಮೂರು ಬೈಟ್‌ಗಳು ಬೇಕು. ‘ಸೇವೆ’ ಎಂಬ ಪದದಲ್ಲಿ ಎರಡು ವ್ಯಂಜನ ಮತ್ತು ಎರಡು ಸ್ವರಚಿಹ್ನೆಗಳಿದ್ದು, ಅದು 12 ಬೈಟ್‌ಗಳನ್ನು ತೆಗೆದುಕೊಳ್ಳುತ್ತದೆ. ಗಾತ್ರದ ಮಿತಿಯನ್ನು ಲೆಕ್ಕ ಹಾಕುವಾಗ ಅಕ್ಷರಗಳ ಬದಲು ಬೈಟ್‌ಗಳನ್ನು ಎಣಿಸಬೇಕಾಗುತ್ತದೆ.

ಕ್ಲೈಂಟ್ ಲೈಬ್ರರಿಗಳು

ಕುಬರ್ನೆಟಿಸ್‌ನ ಎಲ್ಲ ವ್ಯವಹಾರಗಳೂ ಎಪಿಐ ಸರ್ವರ್ ಮೂಲಕವೇ ನಡೆಯುತ್ತವೆ. ಆಬ್ಜೆಕ್ಟ್‌ಗಳನ್ನು ಇಟಿಸಿಡಿ ಎಂಬ ದತ್ತಸಂಚಯದಲ್ಲಿ ಸಂಗ್ರಹಿಸಲಾಗುತ್ತದೆ. ಪ್ರೋಗ್ರಾಮ್‌ಗಳು ನೇರವಾಗಿ ಎಚ್‌ಟಿಟಿಪಿ ಕೋರಿಕೆಗಳನ್ನು ಕಳುಹಿಸಬಹುದಾದರೂ, ದೃಢೀಕರಣ, ದತ್ತಾಂಶದ ರೂಪಾಂತರ ಮತ್ತು ದೋಷಗಳ ನಿರ್ವಹಣೆಯನ್ನು ಕ್ಲೈಂಟ್ ಲೈಬ್ರರಿಗಳು ಸುಲಭಗೊಳಿಸುತ್ತವೆ. ಗೋ ಭಾಷೆಯ ‘ಕ್ಲೈಂಟ್-ಗೋ’ ಲೈಬ್ರರಿಯನ್ನು ಕುಬರ್ನೆಟಿಸ್‌ನ ಸ್ವಂತ ಅಂಗಗಳೂ ಬಳಸುತ್ತವೆ. ಪೈಥಾನ್, ಜಾವಾ, ಜಾವಾಸ್ಕ್ರಿಪ್ಟ್, ಡಾಟ್‌ನೆಟ್ ಮೊದಲಾದವುಗಳಿಗೂ ಅಧಿಕೃತ ಲೈಬ್ರರಿಗಳಿವೆ. ಪೈಥಾನ್ ಲೈಬ್ರರಿಯ ಬಹುಭಾಗವನ್ನು ಎಪಿಐನ ಓಪನ್‌ಎಪಿಐ ವಿವರಣೆಯಿಂದ ಯಾಂತ್ರಿಕವಾಗಿ ಉತ್ಪಾದಿಸಲಾಗುತ್ತದೆ.

ಸಂಪರ್ಕಕ್ಕೆ ಸಾಮಾನ್ಯವಾಗಿ ಎರಡು ಮಾರ್ಗಗಳಿವೆ. ಪ್ರೋಗ್ರಾಮ್ ಕ್ಲಸ್ಟರ್‌ನ ಹೊರಗೆ, ಉದಾಹರಣೆಗೆ ಅಭಿವೃದ್ಧಿಕಾರರ ಗಣಕದಲ್ಲಿ ನಡೆಯುವಾಗ, ‘ಕ್ಯೂಬ್‌ಕಾನ್ಫಿಗ್’ ಕಡತದಿಂದ ಸರ್ವರ್‌ನ ವಿಳಾಸ ಮತ್ತು ಗುರುತಿನ ವಿವರಗಳನ್ನು ಪಡೆಯುತ್ತದೆ. ಪ್ರೋಗ್ರಾಮ್ ಪಾಡ್‌ನೊಳಗೇ ನಡೆಯುವಾಗ, ಆ ಪಾಡ್‌ಗೆ ಒದಗಿಸಲಾದ ಸರ್ವಿಸ್ ಅಕೌಂಟ್‌ನ ಟೋಕನ್ ಅನ್ನು ಬಳಸುತ್ತದೆ. ಒಂದೇ ಕ್ಯೂಬ್‌ಕಾನ್ಫಿಗ್ ಕಡತದಲ್ಲಿ ಪರೀಕ್ಷೆಯ ಕ್ಲಸ್ಟರ್ ಮತ್ತು ನೈಜ ಬಳಕೆಯ ಕ್ಲಸ್ಟರ್ ಎರಡರ ವಿವರಗಳೂ ಇರಬಹುದಾದ್ದರಿಂದ, ಯಾವ ಸಂದರ್ಭವನ್ನು ಬಳಸಬೇಕೆಂದು ಪ್ರೋಗ್ರಾಮ್‌ನಲ್ಲಿ ಸ್ಪಷ್ಟವಾಗಿ ನಮೂದಿಸುವುದು ಸುರಕ್ಷಿತ.

ಮೆಟಾಡೇಟಾ ಓದುವುದು

ಲೈಬ್ರರಿಯ ಪಟ್ಟಿ ಮಾಡುವ ವಿಧಾನಗಳಿಗೆ ಸೆಲೆಕ್ಟರ್ ನೀಡಿದರೆ, ಸರ್ವರ್ ಹೊಂದುವ ಆಬ್ಜೆಕ್ಟ್‌ಗಳನ್ನು ಮಾತ್ರ ಕಳುಹಿಸುತ್ತದೆ. ಪಟ್ಟಿ ದೊಡ್ಡದಾಗಿದ್ದರೆ ಮಿತಿಯನ್ನು ನಿಗದಿಪಡಿಸಿ ಕಂತುಗಳಲ್ಲಿ ಪಡೆಯಲಾಗುತ್ತದೆ. ಪ್ರತಿ ಕಂತಿನೊಡನೆ ಬರುವ ಮುಂದುವರಿಕೆಯ ಟೋಕನ್ ಸ್ವಲ್ಪ ಕಾಲ ಮಾತ್ರ ಮಾನ್ಯವಾಗಿರುತ್ತದೆ. ಅವಧಿ ಮೀರಿದರೆ ಸರ್ವರ್ 410 ಸಂಖ್ಯೆಯ ದೋಷವನ್ನು ಹಿಂದಿರುಗಿಸುತ್ತದೆ.

ಕ್ಲೈಂಟ್-ಗೋದಲ್ಲಿ ಆಬ್ಜೆಕ್ಟ್‌ನ ಮೆಟಾಡೇಟಾವನ್ನು ಮಾತ್ರ ತರಿಸಿಕೊಳ್ಳುವ ಪ್ರತ್ಯೇಕ ಮೆಟಾಡೇಟಾ ಕ್ಲೈಂಟ್ ಇದೆ. ಇದರಲ್ಲಿ ಸ್ಪೆಕ್ ಮತ್ತು ಸ್ಟೇಟಸ್ ಭಾಗಗಳು ಜಾಲದ ಮೇಲೆ ಬರುವುದೇ ಇಲ್ಲ. ಯಾವ ಬಗೆಯ ಆಬ್ಜೆಕ್ಟ್ ಆದರೂ ಒಂದೇ ರೀತಿಯಲ್ಲಿ ನಿಭಾಯಿಸಬಲ್ಲ ಕಾರಣ, ಇಡೀ ಕ್ಲಸ್ಟರ್‌ನ ಲೇಬಲ್‌ಗಳನ್ನು ಪರಿಶೀಲಿಸುವ ಸಾಧನಗಳಿಗೆ ಇದು ಅನುಕೂಲಕರ. ನಿರಂತರ ನಿಗಾ ಬೇಕಾದಲ್ಲಿ ‘ಇನ್‌ಫಾರ್ಮರ್’ ಎಂಬ ವ್ಯವಸ್ಥೆಯು ಆಬ್ಜೆಕ್ಟ್‌ಗಳ ನಕಲನ್ನು ಪ್ರೋಗ್ರಾಮ್‌ನ ಸ್ಮೃತಿಯಲ್ಲಿಟ್ಟು, ಸರ್ವರ್‌ನಿಂದ ಬರುವ ಬದಲಾವಣೆಗಳಿಗೆ ಅನುಗುಣವಾಗಿ ನವೀಕರಿಸುತ್ತದೆ. ಈ ನಕಲನ್ನು ಹಲವು ಭಾಗಗಳು ಹಂಚಿಕೊಳ್ಳುವುದರಿಂದ ಅದನ್ನು ನೇರವಾಗಿ ತಿದ್ದಬಾರದು. ತಿದ್ದುವ ಮುನ್ನ ಪೂರ್ಣ ಪ್ರತಿಯೊಂದನ್ನು ಮಾಡಿಕೊಳ್ಳಬೇಕು.

ಅಪ್ಲಿಕೇಶನ್ ತನ್ನ ಸ್ವಂತ ಪಾಡ್‌ನ ಲೇಬಲ್ ಮತ್ತು ಟಿಪ್ಪಣಿಗಳನ್ನಷ್ಟೇ ತಿಳಿಯಬೇಕಿದ್ದರೆ ಲೈಬ್ರರಿಯ ಅಗತ್ಯವಿಲ್ಲ. ‘ಡೌನ್‌ವರ್ಡ್ ಎಪಿಐ’ ಎಂಬ ಸೌಲಭ್ಯವು ಅವನ್ನು ಕಡತಗಳ ರೂಪದಲ್ಲಿ ಕಂಟೇನರ್‌ನೊಳಗೆ ಒದಗಿಸುತ್ತದೆ.

ಮೆಟಾಡೇಟಾ ಬದಲಿಸುವುದು

ಬದಲಾವಣೆಗೆ ಲೈಬ್ರರಿಗಳು ಮುಖ್ಯವಾಗಿ ಮೂರು ಮಾರ್ಗಗಳನ್ನು ನೀಡುತ್ತವೆ.

ಮೊದಲನೆಯದು ಪೂರ್ಣ ನವೀಕರಣ. ಪ್ರೋಗ್ರಾಮ್ ಆಬ್ಜೆಕ್ಟ್ ಅನ್ನು ಓದಿ, ತಿದ್ದಿ, ಇಡಿಯಾಗಿ ಹಿಂದಕ್ಕೆ ಕಳುಹಿಸುತ್ತದೆ. ಕಳುಹಿಸಿದ ರೂಪದಲ್ಲಿ ಒಂದು ಲೇಬಲ್ ಇಲ್ಲದಿದ್ದರೆ ಅದು ಅಳಿಸಿಹೋಗುತ್ತದೆ.

ಎರಡನೆಯದು ಪ್ಯಾಚ್, ಅಂದರೆ ಬದಲಾಗಬೇಕಾದ ಭಾಗವನ್ನು ಮಾತ್ರ ಕಳುಹಿಸುವ ವಿಧಾನ. ಇದರಲ್ಲಿ ಮೂರು ಬಗೆಗಳು ಬಳಕೆಯಲ್ಲಿವೆ:

- ಜೆಸನ್ ಪ್ಯಾಚ್: ಸೇರಿಸು, ತೆಗೆ, ಬದಲಿಸು ಎಂಬ ಕ್ರಿಯೆಗಳ ಪಟ್ಟಿ. ಕೀಲಿಯಲ್ಲಿ ಓರೆಗೆರೆ ಇದ್ದರೆ ಅದನ್ನು ‘~1’ ಎಂದು ಬರೆಯಬೇಕು. ಪೂರ್ವಪದವಿರುವ ಲೇಬಲ್‌ಗಳಲ್ಲಿ ಇದನ್ನು ಮರೆತರೆ ದೋಷ ಉಂಟಾಗುತ್ತದೆ.
- ಜೆಸನ್ ಮರ್ಜ್ ಪ್ಯಾಚ್: ನೀಡಿದ ಕೀಲಿಗಳು ಇರುವವುಗಳೊಡನೆ ಬೆರೆಯುತ್ತವೆ. ಪಟ್ಟಿಗಳು ಮಾತ್ರ ಬೆರೆಯದೆ ಇಡಿಯಾಗಿ ಬದಲಾಗುತ್ತವೆ.
- ಸ್ಟ್ರಾಟೆಜಿಕ್ ಮರ್ಜ್ ಪ್ಯಾಚ್: ಯಾವ ಪಟ್ಟಿಯನ್ನು ಬೆರೆಸಬೇಕು, ಯಾವುದನ್ನು ಬದಲಿಸಬೇಕು ಎಂಬ ಮಾಹಿತಿಯನ್ನು ಬಳಸುವ, ಕುಬರ್ನೆಟಿಸ್‌ನದೇ ಆದ ವಿಧಾನ. ಬಳಕೆದಾರರು ವ್ಯಾಖ್ಯಾನಿಸಿದ ಕಸ್ಟಮ್ ಸಂಪನ್ಮೂಲಗಳಿಗೆ ಇದು ಅನ್ವಯಿಸುವುದಿಲ್ಲ.

ಮರ್ಜ್ ಪ್ಯಾಚ್‌ಗಳಲ್ಲಿ ಒಂದು ಲೇಬಲ್ ಅನ್ನು ಉಲ್ಲೇಖಿಸದೆ ಬಿಟ್ಟರೆ ಅದು ಹಾಗೆಯೇ ಉಳಿಯುತ್ತದೆ. ತೆಗೆಯಬೇಕಿದ್ದರೆ ಅದಕ್ಕೆ ಶೂನ್ಯ ಮೌಲ್ಯ, ಅಂದರೆ ಪೈಥಾನ್‌ನಲ್ಲಿ ‘ನನ್’, ನೀಡಬೇಕು. ಖಾಲಿ ಪಠ್ಯವನ್ನು ನೀಡಿದರೆ ಲೇಬಲ್ ಅಳಿಯದೆ, ಖಾಲಿ ಮೌಲ್ಯದೊಡನೆ ಉಳಿಯುತ್ತದೆ.

ಮೂರನೆಯದು ಸರ್ವರ್-ಸೈಡ್ ಅಪ್ಲೈ. ಇದು 2021ರಲ್ಲಿ ಬಂದ 1.22ನೇ ಆವೃತ್ತಿಯಲ್ಲಿ ಸ್ಥಿರ ಸೌಲಭ್ಯವಾಯಿತು. ಇದರಲ್ಲಿ ಪ್ರತಿಯೊಂದು ಸಾಧನವೂ ತನ್ನ ಹೆಸರನ್ನು ತಿಳಿಸಿ, ತಾನು ನಿರ್ವಹಿಸಬಯಸುವ ಕ್ಷೇತ್ರಗಳನ್ನು ಮಾತ್ರ ಕಳುಹಿಸುತ್ತದೆ. ಮತ್ತೊಂದು ಸಾಧನದ ಒಡೆತನದಲ್ಲಿರುವ ಲೇಬಲ್‌ಗೆ ಬೇರೆ ಮೌಲ್ಯ ನೀಡಲು ಹೊರಟರೆ ಸರ್ವರ್ ಸಂಘರ್ಷವನ್ನು ವರದಿ ಮಾಡುತ್ತದೆ. ಬಲವಂತದ ಸೂಚನೆ ನೀಡಿದಲ್ಲಿ ಮಾತ್ರ ಒಡೆತನ ಬದಲಾಗುತ್ತದೆ. ತಾನು ಹಿಂದೆ ಕಳುಹಿಸಿದ್ದ ಕ್ಷೇತ್ರವನ್ನು ಸಾಧನವು ಮುಂದಿನ ಬಾರಿ ಬಿಟ್ಟರೆ, ಬೇರೆ ಒಡೆಯರಿಲ್ಲದ ಪಕ್ಷದಲ್ಲಿ ಆ ಕ್ಷೇತ್ರ ಅಳಿಯುತ್ತದೆ.

ಏಕಕಾಲದ ಬದಲಾವಣೆಗಳು

ಎರಡು ಪ್ರೋಗ್ರಾಮ್‌ಗಳು ಒಂದೇ ಆಬ್ಜೆಕ್ಟ್ ಅನ್ನು ಓದಿ, ಒಂದರ ಹಿಂದೊಂದು ಬರೆದರೆ ಮೊದಲನೆಯದರ ಬದಲಾವಣೆ ಕಳೆದುಹೋಗುವ ಅಪಾಯವಿದೆ. ಇದನ್ನು ತಡೆಯಲು ಸಂಪನ್ಮೂಲ ಆವೃತ್ತಿಯನ್ನು ಬಳಸಲಾಗುತ್ತದೆ. ಕೋರಿಕೆಯಲ್ಲಿರುವ ಆವೃತ್ತಿಯು ಸರ್ವರ್‌ನಲ್ಲಿರುವುದಕ್ಕೆ ಹೊಂದದಿದ್ದರೆ ಸರ್ವರ್ 409 ಸಂಖ್ಯೆಯ ಸಂಘರ್ಷ ದೋಷವನ್ನು ನೀಡುತ್ತದೆ. ಆಗ ಪ್ರೋಗ್ರಾಮ್ ಆಬ್ಜೆಕ್ಟ್ ಅನ್ನು ಹೊಸದಾಗಿ ಓದಿ, ಬದಲಾವಣೆಯನ್ನು ಅದರ ಮೇಲೆ ಪುನಃ ಮಾಡಿ ಕಳುಹಿಸಬೇಕು. ಹಳೆಯ ಪ್ರತಿಯನ್ನೇ ಮತ್ತೆಮತ್ತೆ ಕಳುಹಿಸುವುದರಿಂದ ಪ್ರಯೋಜನವಿಲ್ಲ. ಕ್ಲೈಂಟ್-ಗೋದಲ್ಲಿ ಈ ಮರುಪ್ರಯತ್ನಕ್ಕೆ ಸಿದ್ಧ ಸಹಾಯಕ ವಿಧಾನವಿದೆ. ಸಂಪನ್ಮೂಲ ಆವೃತ್ತಿಯನ್ನು ವಿಭಿನ್ನ ಬಗೆಯ ಆಬ್ಜೆಕ್ಟ್‌ಗಳ ನಡುವೆ ಹೋಲಿಸಬಾರದು.

ಒಂದೇ ಲೇಬಲ್ ಅನ್ನು ಬದಲಿಸುವ ಮರ್ಜ್ ಪ್ಯಾಚ್‌ನಲ್ಲಿ ಆವೃತ್ತಿಯನ್ನು ಸೇರಿಸದಿದ್ದರೆ ಈ ಪರಿಶೀಲನೆ ನಡೆಯುವುದಿಲ್ಲ. ಉಳಿದ ಲೇಬಲ್‌ಗಳಿಗೆ ಧಕ್ಕೆಯಾಗದ ಕಾರಣ ಸಾಮಾನ್ಯ ಸಂದರ್ಭಗಳಲ್ಲಿ ಇದು ಸಾಕಾಗುತ್ತದೆ. ಹೊಸ ಮೌಲ್ಯವು ಹಳೆಯ ಮೌಲ್ಯವನ್ನು ಅವಲಂಬಿಸಿದ್ದರೆ ಆವೃತ್ತಿಯನ್ನು ಸೇರಿಸುವುದು ಅಗತ್ಯ.

ಅಳಿಸುವಿಕೆ

ಫೈನಲೈಸರ್ ಇರುವ ಆಬ್ಜೆಕ್ಟ್ ಅನ್ನು ಅಳಿಸಲು ಕೋರಿದಾಗ ಅದು ಕೂಡಲೇ ಮಾಯವಾಗುವುದಿಲ್ಲ. ಅದರ ಮೆಟಾಡೇಟಾದಲ್ಲಿ ಅಳಿಸುವಿಕೆಯ ಸಮಯ ದಾಖಲಾಗುತ್ತದೆ. ಸಂಬಂಧಪಟ್ಟ ಕಂಟ್ರೋಲರ್ ತನ್ನ ಕೆಲಸ ಮುಗಿಸಿ ತನ್ನ ಫೈನಲೈಸರ್ ಅನ್ನು ಪಟ್ಟಿಯಿಂದ ತೆಗೆಯುತ್ತದೆ. ಪಟ್ಟಿ ಖಾಲಿಯಾದ ಮೇಲೆ ಆಬ್ಜೆಕ್ಟ್ ಅಳಿಯುತ್ತದೆ. ಕಂಟ್ರೋಲರ್ ಅನ್ನೇ ಮೊದಲು ತೆಗೆದುಹಾಕಿದ್ದರೆ ಈ ಕೆಲಸ ಮಾಡುವವರಿಲ್ಲದೆ ಆಬ್ಜೆಕ್ಟ್ ಮತ್ತು ಅದರ ನೇಮ್‌ಸ್ಪೇಸ್ ‘ಟರ್ಮಿನೇಟಿಂಗ್’ ಸ್ಥಿತಿಯಲ್ಲೇ ಸಿಕ್ಕಿಕೊಳ್ಳುತ್ತವೆ. ಪ್ಯಾಚ್ ಮೂಲಕ ಫೈನಲೈಸರ್‌ಗಳನ್ನು ತೆಗೆದರೆ ಆಬ್ಜೆಕ್ಟ್ ಅಳಿಯುತ್ತದಾದರೂ, ಅದು ಕಾಯುತ್ತಿದ್ದ ಡಿಸ್ಕ್ ಅಥವಾ ಜಾಲದ ಸಂಪನ್ಮೂಲವು ಕ್ಲೌಡ್ ಸೇವಾದಾರರ ಬಳಿ ಹಾಗೆಯೇ ಉಳಿದು ಶುಲ್ಕ ಬೆಳೆಯುತ್ತಿರಬಹುದು. ಹಾಗಾಗಿ ಈ ಕ್ರಮಕ್ಕೆ ಮುನ್ನ ಆ ಫೈನಲೈಸರ್ ಯಾವ ಕೆಲಸಕ್ಕಾಗಿ ಇದೆ ಎಂಬುದನ್ನು ತಿಳಿದುಕೊಳ್ಳಬೇಕು.

ಒಡೆಯರ ಉಲ್ಲೇಖವಿರುವ ಆಬ್ಜೆಕ್ಟ್‌ಗಳನ್ನು, ಒಡೆಯ ಅಳಿದ ಬಳಿಕ ಗಾರ್ಬೇಜ್ ಕಲೆಕ್ಟರ್ ತೆಗೆದುಹಾಕುತ್ತದೆ. ಉಲ್ಲೇಖದಲ್ಲಿ ಹೆಸರಿನ ಜೊತೆಗೆ ಯುಐಡಿಯೂ ಇರುವುದರಿಂದ, ಅದೇ ಹೆಸರಿನ ಹೊಸ ಆಬ್ಜೆಕ್ಟ್ ಅನ್ನು ಒಡೆಯನೆಂದು ಪರಿಗಣಿಸಲಾಗುವುದಿಲ್ಲ. ಒಡೆಯ ಮತ್ತು ಅಧೀನ ಆಬ್ಜೆಕ್ಟ್‌ಗಳು ಬೇರೆಬೇರೆ ನೇಮ್‌ಸ್ಪೇಸ್‌ಗಳಲ್ಲಿ ಇರುವಂತಿಲ್ಲ. ಅಧೀನ ಆಬ್ಜೆಕ್ಟ್‌ಗಳನ್ನು ಉಳಿಸಿಕೊಳ್ಳಬೇಕಿದ್ದರೆ ಅಳಿಸುವ ಕೋರಿಕೆಯಲ್ಲಿ ‘ಆರ್ಫನ್’ ನೀತಿಯನ್ನು ಸೂಚಿಸಬೇಕು.

ಭದ್ರತೆ

ಕುಬರ್ನೆಟಿಸ್‌ನ ಪಾತ್ರಾಧಾರಿತ ಅನುಮತಿ ವ್ಯವಸ್ಥೆಯು ಆಬ್ಜೆಕ್ಟ್‌ನ ಬಗೆ ಮತ್ತು ಕ್ರಿಯೆಯನ್ನು ಆಧರಿಸಿದೆ. ಅದರಲ್ಲಿ ಕ್ಷೇತ್ರವಾರು ಅನುಮತಿಯಿಲ್ಲ. ಲೇಬಲ್ ಅಂಟಿಸುವ ಪ್ರೋಗ್ರಾಮ್‌ಗೆ ಡಿಪ್ಲಾಯ್‌ಮೆಂಟ್‌ಗಳನ್ನು ಪ್ಯಾಚ್ ಮಾಡುವ ಅನುಮತಿ ನೀಡಿದರೆ, ಅದು ಕಂಟೇನರ್‌ನ ಚಿತ್ರಿಕೆಯನ್ನೂ ಬದಲಿಸಬಲ್ಲದು. ಹೆಚ್ಚಿನ ನಿಯಂತ್ರಣಕ್ಕಾಗಿ ಅಡ್ಮಿಷನ್ ನೀತಿಗಳನ್ನು ಬಳಸಿ, ನಿರ್ದಿಷ್ಟ ಖಾತೆಯಿಂದ ಮೆಟಾಡೇಟಾ ಬಿಟ್ಟು ಉಳಿದ ಬದಲಾವಣೆಗಳನ್ನು ತಿರಸ್ಕರಿಸಬಹುದು.

ಜಾಲ ನೀತಿಗಳು ಪಾಡ್‌ಗಳನ್ನು ಲೇಬಲ್‌ಗಳಿಂದಲೇ ಗುರುತಿಸುತ್ತವೆ. ಪಾಡ್‌ಗಳ ಭದ್ರತಾ ಮಟ್ಟವನ್ನು ನೇಮ್‌ಸ್ಪೇಸ್‌ನ ಲೇಬಲ್‌ಗಳ ಮೂಲಕ ನಿಗದಿಪಡಿಸುವ ವ್ಯವಸ್ಥೆಯು 2022ರ 1.25ನೇ ಆವೃತ್ತಿಯಲ್ಲಿ ಸ್ಥಿರಗೊಂಡಿತು. ಆದ್ದರಿಂದ ನೇಮ್‌ಸ್ಪೇಸ್‌ನ ಲೇಬಲ್ ಬದಲಿಸುವ ಅಧಿಕಾರವು ಭದ್ರತಾ ನಿಯಮವನ್ನು ಸಡಿಲಿಸುವ ಅಧಿಕಾರವೂ ಆಗಿರುತ್ತದೆ.

ಗುಪ್ತಪದ, ಟೋಕನ್ ಮೊದಲಾದವನ್ನು ಲೇಬಲ್ ಅಥವಾ ಟಿಪ್ಪಣಿಯಲ್ಲಿ ಇಡಬಾರದು. ಆಬ್ಜೆಕ್ಟ್ ಅನ್ನು ಓದಬಲ್ಲ ಎಲ್ಲರಿಗೂ ಅವು ಕಾಣುತ್ತವೆ. ಕ್ಯೂಬ್‌ಸಿಟಿಎಲ್‌ನ ಹಳೆಯ ಬಗೆಯ ಅಪ್ಲೈ ಆಜ್ಞೆಯು ಕಳುಹಿಸಿದ ಇಡೀ ವಿನ್ಯಾಸವನ್ನು ಟಿಪ್ಪಣಿಯೊಂದರಲ್ಲಿ ನಕಲು ಮಾಡಿಡುತ್ತದೆ. ರಹಸ್ಯಗಳ ಆಬ್ಜೆಕ್ಟ್ ಅನ್ನು ಹೀಗೆ ಕಳುಹಿಸಿದರೆ ಅದರ ವಿಷಯ ಬೇಸ್64 ರೂಪದಲ್ಲಿ ಟಿಪ್ಪಣಿಯಲ್ಲೂ ಉಳಿಯುತ್ತದೆ. ಬೇಸ್64 ಗೂಢಲಿಪೀಕರಣವಲ್ಲ, ಯಾರು ಬೇಕಾದರೂ ಅದನ್ನು ಮೂಲರೂಪಕ್ಕೆ ತರಬಹುದು. ದೊಡ್ಡ ಆಬ್ಜೆಕ್ಟ್‌ಗಳಲ್ಲಿ ಇದೇ ನಕಲಿನಿಂದಾಗಿ ಟಿಪ್ಪಣಿಗಳ ಗಾತ್ರದ ಮಿತಿ ಮೀರಿ ಆಜ್ಞೆ ವಿಫಲವಾಗುವುದೂ ಉಂಟು. ಸರ್ವರ್-ಸೈಡ್ ಅಪ್ಲೈಗೆ ಈ ನಕಲು ಬೇಕಿಲ್ಲ.

ಪಾಲಿಸಲಾಗುವ ರೂಢಿಗಳು

ಸಾಮೂಹಿಕ ಬದಲಾವಣೆಗೆ ಮುನ್ನ ‘ಡ್ರೈ ರನ್’ ಸೌಲಭ್ಯವನ್ನು ಬಳಸಲಾಗುತ್ತದೆ. ಇದರಲ್ಲಿ ಸರ್ವರ್ ಎಲ್ಲ ಪರಿಶೀಲನೆಗಳನ್ನೂ ನಡೆಸಿ ಫಲಿತಾಂಶವನ್ನು ತೋರಿಸುತ್ತದೆ, ಆದರೆ ಏನನ್ನೂ ಉಳಿಸುವುದಿಲ್ಲ. ಬದಲಾಯಿಸಬೇಕಾದ ಆಬ್ಜೆಕ್ಟ್‌ಗಳ ಹಳೆಯ ಲೇಬಲ್‌ಗಳನ್ನು ಕಡತದಲ್ಲಿ ಉಳಿಸಿಕೊಳ್ಳುವುದು, ಸೆಲೆಕ್ಟರ್‌ಗಳಲ್ಲಿ ಬಳಕೆಯಾಗಿರುವ ಕೀಲಿಗಳನ್ನು ಮುಟ್ಟದಿರುವುದು, ಸಂಸ್ಥೆಯ ಸ್ವಂತ ಕೀಲಿಗಳಿಗೆ ಅದರ ಡೊಮೇನ್ ಹೆಸರನ್ನೇ ಪೂರ್ವಪದವಾಗಿ ನೀಡುವುದು ಇತರ ರೂಢಿಗಳಾಗಿವೆ. ಡಿಪ್ಲಾಯ್‌ಮೆಂಟ್‌ನ ಸೆಲೆಕ್ಟರ್ ಅನ್ನು ಸೃಷ್ಟಿಯ ಬಳಿಕ ಬದಲಿಸಲಾಗದ ಕಾರಣ, ಆವೃತ್ತಿಯಂತಹ ಆಗಾಗ ಬದಲಾಗುವ ಲೇಬಲ್‌ಗಳನ್ನು ಅದರಲ್ಲಿ ಸೇರಿಸುವುದಿಲ್ಲ.

ಇವನ್ನೂ ನೋಡಿ

- ಕ್ಲೌಡ್ ಕಂಪ್ಯೂಟಿಂಗ್
- ಮೆಟಾಡೇಟಾ
- ಪೈಥಾನ್ (ಪ್ರೋಗ್ರಾಮಿಂಗ್ ಭಾಷೆ)
- ಯೂನಿಕೋಡ್
- ಮುಕ್ತ ತಂತ್ರಾಂಶ